ಸವಾಲಣ್ಣನ ಎರಡು ಸುತ್ತು

ದೀಪ ಆರಿಸಬೇಡಿ, ಸಣ್ಣ ಮಾಡಿದ್ರೆ ಸಾಕು. ಮಧ್ಯೆ ಮಧ್ಯೆ ಪ್ರಶ್ನೆ ಕೇಳಬೇಡಿ, ನನಗೆ ಸಿಟ್ಟು ಬರುತ್ತೆ. ನಂಬೋದು ಬಿಡೋದು ನಿಮಗೆ ಸೇರಿದ್ದು. ಆದರೆ ಇದು ಎಲ್ಲೋ ಯಾರೋ ಹೇಳಿದ ಕತೆ ಅಲ್ಲ. ನಮ್ಮ ದೊಡ್ಡಮ್ಮನ ಮಗನಿಗೆ ಆದದ್ದು.

ಅವತ್ತು ರಾತ್ರಿ ಹನ್ನೊಂದು ದಾಟಿತ್ತು. ಅವನು ಷಡ್ಡಕನ ಮನೆಯಿಂದ, ಅಂದರೆ ಹೆಂಡತಿಯ ಅಕ್ಕನ ಮನೆಯಿಂದ, ಒಬ್ಬನೇ ನಡೆದು ಬರ್ತಿದ್ದ. ಷಡ್ಡಕ ತೀರಿಕೊಂಡು ಹದಿನೈದು ದಿನ ಆಗಿತ್ತು. ಬಂದ ನೆಂಟರೆಲ್ಲ ವಾಪಸು ಹೋಗಿದ್ದರು. ಇವನ ಕೈಯಲ್ಲಿ ಒಂದು ಬಟ್ಟೆ ಚೀಲ. ಅದರೊಳಗೆ ಹಳೇ ಟವೆಲ್ಲಿನಲ್ಲಿ ಸುತ್ತಿಟ್ಟ ತಗಡಿನ ರೋಬೋಟ್. ಒಂದು ಗೇಣು ಎತ್ತರ. ಜಪಾನಿನದು, ಇವನಪ್ಪನ ಕಾಲದ್ದು.

ಆ ದಾರಿಯಲ್ಲಿ ಒಂದು ಬಾವಿ ಇದೆ. ಈಗ ಯಾರೂ ನೀರು ಸೇದಲ್ಲ, ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಬೀದಿ ದೀಪ ಅಲ್ಲಿಗೆ ಮುಗಿಯುತ್ತೆ. ಅವನು ಜಾಲರಿಯ ಪಕ್ಕಕ್ಕೆ ಬಂದ... ಚೀಲದ ಒಳಗಿಂದ ಸದ್ದು.

ಕರ್‌ರ್‌ರ್...

ನಿಂತ. ಉಸಿರು ಬಿಗಿಹಿಡಿದ.

ಕರ್‌ರ್‌ರ್...

ಅದು ಕೀಲಿ ತಿರುಗೋ ಸದ್ದು. ಮೂವತ್ತು ವರ್ಷದಿಂದ ಗಡಿಯಾರಕ್ಕೆ ಕೀಲಿ ಕೊಟ್ಟವನಿಗೆ ಅಷ್ಟೂ ಗೊತ್ತಾಗಲ್ವಾ? ಎರಡು ಸುತ್ತು. ಸರಿಯಾಗಿ ಎರಡೇ. ಅವನು ಮೂರನೇದಕ್ಕೆ ಕಾದ. ಬರಲಿಲ್ಲ. ಬಾವಿಯ ಒಳಗೆ ಎಲ್ಲೋ ಒಂದು ಹನಿ ತೊಟ್ಟಿಕ್ಕಿತು, ಅಷ್ಟೇ.

ಬೇರೆ ಯಾರಾದ್ರೂ ಆಗಿದ್ರೆ ಚೀಲ ಎಸೆದು ಓಡ್ತಿದ್ದರು. ಇವನಿಗೆ ಕಾಲೇ ಏಳಲಿಲ್ಲ. ಯಾಕಂದ್ರೆ ಎರಡೇ ಸುತ್ತು ಕೊಡೋ ಕೈ ಯಾರದು ಅಂತ ಇವನಿಗೆ ಗೊತ್ತಿತ್ತು. ಆ ಕೈಯನ್ನ ಹದಿನೈದು ದಿನದ ಹಿಂದೆ ಇವನೇ ಎದೆ ಮೇಲೆ ಮಡಿಸಿಟ್ಟಿದ್ದ.

ಹಿಂದಿನದು ಹೇಳದೇ ಇದ್ರೆ ನಿಮಗೆ ಅರ್ಥ ಆಗಲ್ಲ. ಕೇಳಿ.

ನಮ್ಮವನದು ವಾಚ್ ರಿಪೇರಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಬೆಳಗಿಂದ ಸಂಜೆ ತನಕ ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡೇ ಕೂತಿರೋದು. ಅದಕ್ಕೇ ಬೀದಿಯವರೆಲ್ಲ ಒಂಟಿಗಣ್ಣ ಅಂತಾರೆ. ಅವನಿಗಿದ್ದ ಹುಚ್ಚು ಒಂದೇ, ಜಪಾನಿನ ಹಳೇ ರೋಬೋಟ್ ಬೊಂಬೆ. ತುಕ್ಕು ಹಿಡಿದದ್ದು, ಕೈ ಮುರಿದದ್ದು, ಯಾರೋ ಗುಜರಿಗೆ ಹಾಕಿದ್ದು, ಎಲ್ಲ ತಂದು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ನಡೆಸ್ತಿದ್ದ. ಹಾಗೆ ಮಾಡಿಮಾಡಿ ಹದಿನಾಲ್ಕು ಸೇರಿಸಿದ್ದ. ಹದಿನಾಲ್ಕೂ ನಡೀತಿದ್ದವು.

ಅವನ ಷಡ್ಡಕ ಹರಾಜು ಕೂಗೋವನು. ಮೇಜಿನ ಮೇಲೆ ಮರದ ಸುತ್ತಿಗೆ ಕುಟ್ಟಿ, ಒಂದು ಸಲ... ಎರಡು ಸಲ... ಮೂರನೇ ಸಲ... ಅಂತ ಅವನು ಕೂಗಿದ್ರೆ ಆಚೆ ಬೀದಿಯ ನಾಯಿ ಎದ್ದು ಕೂರ್ತಿತ್ತು. ಹರಾಜಿಗೆ ಸವಾಲು ಅಂತಾರಲ್ಲ, ಅದಕ್ಕೇ ಸವಾಲಣ್ಣ ಅಂತ ಹೆಸರು. ಯಾವ ವಸ್ತುವನ್ನಾದ್ರೂ ಒಂದು ಸಲ ಅಂಗೈಯಲ್ಲಿ ಎತ್ತಿ ನೋಡಿ, ಇದರೊಳಗೆ ಸೀಸ ತುಂಬಿದ್ದಾರೆ, ಇದರ ತಳ ಬದಲಾಗಿದೆ ಅಂತ ಹೇಳ್ತಿದ್ದ. ತಕ್ಕಡಿ ಸುಳ್ಳು ಹೇಳಬಹುದು, ಅವನ ಕೈ ಹೇಳ್ತಿರಲಿಲ್ಲ. ಒಳ್ಳೇ ಮನುಷ್ಯ, ದೊಡ್ಡ ಬಾಯಿ, ದೊಡ್ಡ ನಗು. ಒಂಟಿಗಣ್ಣನ್ನ ನೋಡಿ ನೋಡಿ ಅವನಿಗೂ ರೋಬೋಟಿನ ಹುಚ್ಚು ಹಿಡೀತು.

ಅಲ್ಲಿಂದ ಶುರುವಾಯ್ತು ನೋಡಿ.

ಹಳೇ ಮನೆ ಖಾಲಿ ಮಾಡೋರೆಲ್ಲ ಮೊದಲು ಹೋಗೋದು ಹರಾಜಿನವನ ಹತ್ರ ತಾನೇ? ಒಂಟಿಗಣ್ಣ ವರ್ಷಗಟ್ಟಲೆ ಹುಡುಕಿದ ಬೊಂಬೆ ಸವಾಲಣ್ಣನ ಮೇಜಿಗೆ ತಾನಾಗೇ ನಡೆದು ಬರ್ತಿತ್ತು. ಅದೂ ಡಬ್ಬದ ಸಮೇತ. ಸವಾಲಣ್ಣನಿಗೆ ಒಂದು ಸ್ಕ್ರೂ ಬಿಚ್ಚೋಕೆ ಬರಲ್ಲ, ಆದರೆ ಅವನ ಗಾಜಿನ ಬೀರುವಿನಲ್ಲಿ ದೀಪ ಬೇರೆ. ಮನೆಗೆ ಬಂದ ನೆಂಟರೆಲ್ಲ ಅದರ ಮುಂದೆಯೇ ನಿಲ್ಲೋರು. ಒಂಟಿಗಣ್ಣನ ಹದಿನಾಲ್ಕನ್ನ ನೋಡಿ, "ಓ, ನಿಮ್ಮ ಹತ್ರಾನೂ ಇದೆಯಾ?" ಅನ್ನೋರು. ಆ 'ನಿಮ್ಮ ಹತ್ರಾನೂ' ಅನ್ನೋದು ಅವನ ಹೊಟ್ಟೆಗೆ ಬೆಂಕಿ ಇಡ್ತಿತ್ತು. ಹೊಟ್ಟೆಕಿಚ್ಚು ರೀ. ಇದಕ್ಕೆ ಬೇರೆ ಹೆಸರು ಹುಡುಕೋದು ಬೇಡ.

ಒಂದು ದಿನ ಒಂದು ಫೋಟೋ ಸ್ಟುಡಿಯೋದವನು ಗೋಡೆ ಗಡಿಯಾರ ನಿಂತಿದೆ ಅಂತ ಇವನನ್ನ ಕರೆಸಿದ. ಗಡಿಯಾರ ಇಳಿಸೋಕೆ ಏಣಿ ಹತ್ತಿದ್ರೆ, ಅಟ್ಟದ ಮೇಲೆ, ಹಳೇ ಕ್ಯಾಮೆರಾದ ಪಕ್ಕ, ನಿಂತಿತ್ತು. ಬೂದು ನೀಲಿ ಮೈ, ಚೌಕ ತಲೆ, ಎದೆಯಲ್ಲಿ ಕೆಂಪು ಕಿಟಕಿ. ಕೀಲಿ ಕೊಟ್ರೆ ನಡೆಯುತ್ತೆ, ನಡೆಯುವಾಗ ಒಳಗೆ ಕಲ್ಲು ಉಜ್ಜಿ ಎದೆಯಲ್ಲಿ ಕಿಡಿ ಹಾರುತ್ತೆ. ಮಕ್ಕಳು ಕ್ಯಾಮೆರಾ ಕಡೆ ನೋಡಲಿ ಅಂತ ಸ್ಟುಡಿಯೋದವನ ಅಪ್ಪ ಇಟ್ಟುಕೊಂಡಿದ್ದನಂತೆ. ಅಂಥದನ್ನ ಒಂಟಿಗಣ್ಣ ಚಿತ್ರದಲ್ಲಿ ಮಾತ್ರ ನೋಡಿದ್ದ. ಏಣಿ ಮೇಲಿಂದಲೇ ಕೇಳಿದ.

"ಇದು ಕೊಡ್ತೀರಾ?"

"ಮುಂದಿನ ವಾರ ಬನ್ನಿ, ನೋಡೋಣ," ಅಂದ ಸ್ಟುಡಿಯೋದವನು.

ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ರೆ ಈ ಕತೆಯೇ ಇರ್ತಿರಲಿಲ್ಲ. ಅವತ್ತು ರಾತ್ರಿ ಸವಾಲಣ್ಣನ ಮನೇಲಿ ಊಟ. ಖುಷಿ ತಡೀಲಾರದೆ ಎಲ್ಲ ಕಕ್ಕಿಬಿಟ್ಟ. ಯಾವ ಸ್ಟುಡಿಯೋ, ಯಾವ ಅಟ್ಟ, ಎಲ್ಲ. ಮುಂದಿನ ಭಾನುವಾರ ನೋಡಿದ್ರೆ ಆ ನೀಲಿ ರೋಬೋಟ್ ಸವಾಲಣ್ಣನ ಬೀರುವಿನ ನಡುವಿನ ಹಲಗೆಯಲ್ಲಿ ನಿಂತಿದೆ. ಸ್ಟುಡಿಯೋ ಮುಚ್ಚಿ ಎಲ್ಲ ಸಾಮಾನೂ ಹರಾಜಿಗೆ ಹಾಕಿದ್ದನಂತೆ.

"ನೀನು ಹೇಳದೇ ಇದ್ರೆ ನನಗೆ ಇದು ಕಾಣ್ತಾನೇ ಇರಲಿಲ್ಲ ಕಣೋ," ಅಂತ ಸವಾಲಣ್ಣ ಅವನ ಹೆಗಲ ಮೇಲೆ ಕೈ ಹಾಕಿದ. ಆ ಮಾತಿನಲ್ಲಿ ಒಂದು ಚೂರೂ ಕಳ್ಳತನ ಇರಲಿಲ್ಲ. ಅದೇ ಇವನಿಗೆ ಇನ್ನೂ ಉರೀತು.

ಆಮೇಲೆ ಬೊಂಬೆ ಕೆಳಗಿಳಿಸಿ ಕೀಲಿ ಕೊಟ್ಟ. ಕರ್‌ರ್‌ರ್... "ಒಂದು ಸಲ." ಕರ್‌ರ್‌ರ್... "ಎರಡು ಸಲ." ಅಷ್ಟಕ್ಕೇ ನಿಲ್ಲಿಸಿದ.

"ಇನ್ನೊಂದು ಸುತ್ತು ಕೊಡಣ್ಣ, ತಡೆಯುತ್ತೆ," ಅಂದ ಒಂಟಿಗಣ್ಣ.

"ಬೇಡಪ್ಪ. ಮೂರನೇ ಸಲ ಅಂದ್ರೆ ವಸ್ತು ಕೈ ಬಿಟ್ಟು ಹೋಯ್ತು ಅಂತಾನೇ ಅರ್ಥ. ನನ್ನ ಸ್ವಂತದ್ದಕ್ಕೆ ನಾನು ಯಾವತ್ತೂ ಮೂರನೇದು ಹೇಳಲ್ಲ."

ಬೊಂಬೆ ಮೇಜಿನ ಮೇಲೆ ನಡೀತು. ಟಕ್... ಟಕ್... ಟಕ್... ಎದೆಯಲ್ಲಿ ಚಿಟಿ ಚಿಟಿ ಕಿಡಿ. ಮನೆಯವರೆಲ್ಲ ಚಪ್ಪಾಳೆ ತಟ್ಟಿದ್ರು. ಇವನೂ ತಟ್ಟಿದ, ಹಲ್ಲು ಕಚ್ಚಿಕೊಂಡು.

ಒಂದು ವರ್ಷ ಕಳೀತು. ಒಂದು ದಿನ ಸವಾಲಣ್ಣ ಅದನ್ನ ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಅಂಗಡಿಗೆ ಬಂದ. ಕೀಲಿ ಹಿಡೀತಿಲ್ಲ ಅಂದ. "ಇದರ ಹೊಟ್ಟೆ ಒಳಗಿನದು ನಿನಗೇ ಗೊತ್ತು. ನಿನ್ನ ಬಿಟ್ಟು ಬೇರೆಯವರ ಕೈಗೆ ಕೊಡಲ್ಲ."

ತಗಡಿನ ಬೊಂಬೆಗೆ ಸ್ಕ್ರೂ ಇರಲ್ಲ. ಒಂದು ತಗಡಿನ ಅಂಚಿನಲ್ಲಿ ಸಣ್ಣ ಸಣ್ಣ ಕಿವಿ ಇರುತ್ತೆ, ಇನ್ನೊಂದರ ಸೀಳಿನೊಳಗೆ ತೂರಿಸಿ ಮಡಿಸಿರ್ತಾರೆ. ಬಿಚ್ಚಬೇಕಾದ್ರೆ ಕಿವಿ ನೆಟ್ಟಗೆ ಮಾಡಬೇಕು, ಮುಚ್ಚುವಾಗ ಮತ್ತೆ ಮಡಿಸಬೇಕು. ಹಳೇ ತಗಡು ಎರಡು ಸಲ ತಡೆಯುತ್ತೆ. ಮೂರನೇ ಸಲ ಬಿಚ್ಚೋಕೆ ಹೋದ್ರೆ ಕಿವಿ ಮುರಿದು ಕೈಗೆ ಬರುತ್ತೆ, ಬೊಂಬೆ ಅಲ್ಲಿಗೆ ಮುಗೀತು. ಈ ಕಸುಬಿನವರಿಗೆಲ್ಲ ಇದು ಗೊತ್ತು.

ಒಂಟಿಗಣ್ಣ ಬೆನ್ನು ಬಿಚ್ಚಿ ನೋಡಿದ. ಸ್ಪ್ರಿಂಗಿನ ತುದಿ ಕೊಕ್ಕೆಯಿಂದ ಜಾರಿತ್ತು, ಅಷ್ಟೇ. ಎರಡು ನಿಮಿಷದ ಕೆಲಸ. ಸಿಕ್ಕಿಸಿದ. ಆಮೇಲೆ... ಚಿಮಟ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದ. ಕಾಲು ಎತ್ತಿಸೋ ಚಕ್ರ ಒಂದಿತ್ತು. ಅಂಗಿ ಗುಂಡಿಯಷ್ಟು ದೊಡ್ಡದು, ಹಿತ್ತಾಳೆಯದು. ಅದನ್ನ ಮೆಲ್ಲಗೆ ಎಬ್ಬಿಸಿ ತೆಗೆದ. ತೆಗೆಯೋವಾಗ ಚಿಮಟ ಜಾರಿ ಒಂದು ಹಲ್ಲಿಗೆ ಗೀರು ಬಿತ್ತು. ಖಾಲಿ ಮುಲಾಮಿನ ಡಬ್ಬಿಯಲ್ಲಿ ಹಾಕಿ ಡ್ರಾಯರಿನ ಹಿಂದಕ್ಕೆ ತಳ್ಳಿದ. ಬೆನ್ನು ಮುಚ್ಚಿ ಕಿವಿ ಮಡಿಸಿದ.

"ಕೀಲಿ ಹಿಡಿಯುತ್ತೆ, ಕಿಡಿ ಬರುತ್ತೆ. ಕಾಲು ಮಾತ್ರ ಇನ್ನು ಏಳಲ್ಲಣ್ಣ. ಒಳಗೆ ಚಕ್ರ ಸವೆದುಹೋಗಿದೆ, ಈ ಕಾಲದಲ್ಲಿ ಅದು ಸಿಗಲ್ಲ," ಅಂದ.

ಸವಾಲಣ್ಣ ಬೊಂಬೆಯನ್ನ ಅಂಗೈ ಮೇಲೆ ಇಟ್ಟುಕೊಂಡ. ಒಂದು ಸಲ ಎತ್ತಿ ಇಳಿಸಿದ. "ಹೋಗಲಿ ಬಿಡು. ನಿಂತಿದ್ರೂ ಚೆನ್ನಾಗೇ ಕಾಣುತ್ತೆ," ಅಂದು ತಗೊಂಡು ಹೋದ.

ನಡೆಯದ ಬೊಂಬೆ ಅವನಿಗೆ ಬೇಜಾರಾಗುತ್ತೆ, ಒಂದಿನ ತನಗೇ ಕೊಟ್ಟುಬಿಡ್ತಾನೆ ಅಂತ ಇವನ ಲೆಕ್ಕ. ಸವಾಲಣ್ಣ ಅದನ್ನ ಇನ್ನೂ ಮೇಲಿನ ಹಲಗೆಗೆ ಏರಿಸಿದ.

ಆಮೇಲೆ ಸವಾಲಣ್ಣನ ಗಂಟಲಿಗೆ ರೋಗ ಬಂತು. ಊರಿಗೆಲ್ಲ ಕೇಳೋ ಗಂಟಲು, ಆರು ತಿಂಗಳಲ್ಲಿ ಪಿಸುಮಾತಿಗೆ ಇಳೀತು. ಕೊನೇ ವಾರ ಇವನನ್ನ ಕರೆಸಿದ. ಹೋಗುವಾಗ ಇವನ ಮನಸ್ಸು ಕರಗಿತ್ತು, ಸುಳ್ಳಲ್ಲ. ಡಬ್ಬಿಯಿಂದ ಚಕ್ರ ತೆಗೆದು ಅಂಗಿ ಜೇಬಿಗೆ ಹಾಕಿಕೊಂಡೇ ಹೋಗಿದ್ದ.

ಸವಾಲಣ್ಣ ಮಲಗಿದ್ದ. ಪಕ್ಕದಲ್ಲಿ ದಿಂಬಿಗೆ ಒರಗಿಸಿಟ್ಟ ನೀಲಿ ರೋಬೋಟ್. ಅದರ ಮೇಲೆ ಅವನ ಕೈ.

"ಒಂದೇ ಒಂದು ಸಲ... ನಡೆಸು ಕಣೋ. ನೋಡಬೇಕು."

ಒಂಟಿಗಣ್ಣನ ಕೈ ಜೇಬಿಗೆ ಹೋಯ್ತು. ಚಕ್ರ ಬೆರಳಿಗೆ ಸಿಕ್ತು. ಅಷ್ಟರಲ್ಲಿ ಕಣ್ಣು ಮತ್ತೆ ಆ ಕೈ ಮೇಲೆ ಬಿತ್ತು. ಸಾಯೋ ಹೊತ್ತಿಗೂ ಬಿಟ್ಟಿಲ್ಲವಲ್ಲ. ಅಟ್ಟದ ಮೇಲೆ ಮೊದಲು ನೋಡಿದ್ದು ನಾನು... ನಾನು... ಅಂತ ಒಳಗಿಂದ ಏನೋ ಬುಸ್ ಅಂತ ಎದ್ದಿತು. ಕೈ ಖಾಲಿಯಾಗೇ ಹೊರಗೆ ಬಂತು.

"ನೋಡೋಣ ಅಣ್ಣ. ಮುಂದಿನ ವಾರ," ಅಂದ.

ಮುಂದಿನ ವಾರ ಸವಾಲಣ್ಣ ಇರಲಿಲ್ಲ.

ಚಕ್ರ ಮತ್ತೆ ಡಬ್ಬಿಗೆ ಹೋಯ್ತು. ಹದಿನೈದನೇ ದಿನ ಊಟ ಆದಮೇಲೆ ಸವಾಲಣ್ಣನ ಹೆಂಡತಿ, ಅಂದರೆ ಇವನ ಅತ್ತಿಗೆ, ಚೀಲ ತಂದು ಕೈಗಿತ್ತರು. "ಇದು ನಿಮಗೇ ಕೊಡಬೇಕು ಅಂತ ಹೇಳಿ ಹೋಗಿದ್ದಾರೆ," ಅಂದ್ರು. ಅದನ್ನ ಹಿಡಿದುಕೊಂಡು ಬರುವಾಗಲೇ ಬಾವಿ ಹತ್ರ ಆ ಸದ್ದು ಕೇಳಿದ್ದು.

ಹೇಗೋ ಮನೆ ಸೇರಿದ. ಹೆಂಡತಿ ಹತ್ರ ತುಟಿ ಬಿಚ್ಚಲಿಲ್ಲ. ಬೊಂಬೆಯನ್ನ ಕೆಳಗೆ ಅಂಗಡಿಯ ಮೇಜಿನ ಮೇಲಿಟ್ಟು, ಮುಖ ಗೋಡೆಗೆ ತಿರುಗಿಸಿ, ಮೇಲೆ ಹೋಗಿ ಮಲಗಿದ. ಎರಡು ಗಂಟೆ ಇರಬಹುದು. ಹೆಂಡತಿ ತೋಳು ಅಲ್ಲಾಡಿಸಿದಳು.

"ರೀ... ಕೆಳಗೆ ಏನೋ ಸದ್ದು."

"ಇಲಿ ಕಣೇ. ಮಲಗು."

"ಇಲಿಗೆ ಯಾರಾದ್ರೂ ಕೀಲಿ ಕೊಡ್ತಾರಾ?"

ಕರ್‌ರ್‌ರ್... ಕರ್‌ರ್‌ರ್... ಆಮೇಲೆ, ಟಕ್... ಟಕ್... ಟಕ್... ತಗಡಿನ ಕಾಲು ಮರದ ಮೇಲೆ ಇಡೋ ಸದ್ದು. ಮೇಜಿನ ಈ ತುದಿಯಿಂದ ಆ ತುದಿಗೆ. ಅಲ್ಲಿ ನಿಲ್ತು.

ಇವನು ಎದ್ದು ಕೂತ. ಕಾಲಿಗೆ ಚಕ್ರವೇ ಇಲ್ಲ. ಚಕ್ರ ಡಬ್ಬಿಯಲ್ಲಿದೆ. ಹೇಗೆ ನಡೆಯುತ್ತೆ?

ಬೆಳಿಗ್ಗೆ ನೋಡಿದ್ರೆ ಬೊಂಬೆ ಮೇಜಿನ ಅಂಚಿನಲ್ಲಿ, ಮುಖ ಬಾಗಿಲ ಕಡೆಗೆ. ವಾಚು ತೊಳೆಯೋ ಬಟ್ಟಲು, ಸ್ಕ್ರೂ ತಟ್ಟೆ, ಒಂದನ್ನೂ ಮುಟ್ಟದೆ ಸುತ್ತಿಕೊಂಡು ಬಂದಿತ್ತು.

ಅವತ್ತೇ ಕೂತು ಬೆನ್ನು ಬಿಚ್ಚಿದ. ಎರಡನೇ ಸಲ. ಚಕ್ರ ಇದ್ದ ಜಾಗ ಖಾಲಿ. ಡಬ್ಬಿಯಿಂದ ತೆಗೆದು ಕೂರಿಸಿದ. ಬಿಚ್ಚಿದ ಹಾಗೇ ಕೀಲಿ ಕೊಟ್ಟು ನೋಡಿದ, ಕಾಲು ಚೆನ್ನಾಗಿ ಎದ್ದವು. ಕಿವಿ ಮಡಿಸಿ ಮುಚ್ಚಿ, ನಿಲ್ಲಿಸಿ ಬಿಟ್ಟ. ಒಳಗೆ ಗುರ್‌ರ್ ಅಂತು, ಎದೆಯಲ್ಲಿ ಕಿಡಿ ಬಂತು, ಕಾಲು ಏಳಲಿಲ್ಲ. ಮೂರು ಸುತ್ತು ಕೊಟ್ಟ, ನಾಲ್ಕು ಕೊಟ್ಟ. ಬೊಂಬೆ ನಿಂತಲ್ಲೇ ನಿಂತಿತ್ತು.

ರಾತ್ರಿ ಮಾತ್ರ ಎರಡು ಸುತ್ತು, ಆಮೇಲೆ ಟಕ್... ಟಕ್... ಟಕ್...

ಹೆದರಿಕೆ ಮೂರು ದಿನ ಇತ್ತು ನೋಡಿ. ನಾಲ್ಕನೇ ದಿನಕ್ಕೆ ಏನಾಯ್ತು ಗೊತ್ತಾ? ಹೆದರಿಕೆ ಹೋಗಿ ಹಳೇ ಉರಿ ವಾಪಸು ಬಂತು. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಟ್ಟವನನ್ನ ನೀವು ಕಂಡಿದ್ದೀರಾ? ನಾನು ಕಂಡಿದ್ದೀನಿ. ಬೊಂಬೆ ನನ್ನ ಮನೇಲಿದೆ, ನನ್ನ ಮೇಜಿನ ಮೇಲಿದೆ, ಚಕ್ರ ಹಾಕಿದ್ದು ನನ್ನ ಕೈ, ಆದ್ರೂ ಅವನಿಗೇ ನಡೆಯುತ್ತಲ್ಲ ಅಂತ ಇವನಿಗೆ ಸಂಕಟ. ಊಟ ಬಿಟ್ಟ. ರಿಪೇರಿಗೆ ಬಂದ ವಾಚುಗಳು ಹಾಗೇ ಬಿದ್ದಿದ್ದವು. ತನ್ನ ಹದಿನಾಲ್ಕು ಬೊಂಬೆಗಳ ಧೂಳೂ ಒರೆಸಲಿಲ್ಲ.

ಆ ರಾತ್ರಿ ಕೆಳಗೇ ಕುರ್ಚಿ ಹಾಕಿಕೊಂಡು ಕತ್ತಲಲ್ಲಿ ಕೂತ. ಗೋಡೆ ಗಡಿಯಾರಗಳು ಒಂದರ ಹಿಂದೆ ಒಂದು ಎರಡು ಹೊಡೆದವು. ಆಮೇಲೆ...

ಕರ್‌ರ್‌ರ್...

ಕೀಲಿ ತಾನಾಗೇ ತಿರುಗಿದ್ದನ್ನ ಕಣ್ಣಾರೆ ನೋಡಿದ.

ಕರ್‌ರ್‌ರ್...

ನಿಂತಿತು. ಇವನು ಮೆಲ್ಲಗೆ ಮುಂದೆ ಬಾಗಿದ.

"ಅಣ್ಣ..." ಅಂದ. "ಮೂರನೇದು ಹೇಳಣ್ಣ. ಹೇಳಿಬಿಡು. ನನಗೆ ಬಿಟ್ಟುಕೊಡು."

ಕತ್ತಲಲ್ಲಿ ಏನೂ ಇಲ್ಲ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಯಾರೋ ಗಂಟಲು ಸರಿಮಾಡಿಕೊಳ್ಳೋ ಸದ್ದು. ಹ್ಮ್... ಅಂತ, ಕೂಗೋಕೆ ಮುಂಚೆ ಮಾಡ್ತಿದ್ದನಲ್ಲ, ಹಾಗೇ. ಆದರೆ ಮಾತು ಬರಲಿಲ್ಲ. ಬೊಂಬೆಯ ಎದೆಯಲ್ಲಿ ಕಿಡಿ ಹಾರಿತು. ಆ ಕೆಂಪು ಬೆಳಕಲ್ಲಿ ಅದು ನಡೆಯೋಕೆ ಶುರುಮಾಡಿತು. ಬಾಗಿಲ ಕಡೆಗಲ್ಲ, ನೇರ ಇವನ ಕಡೆಗೆ. ಅಂಚಿಗೆ ಬಂದು, ಇವನ ಅಂಗಿ ಜೇಬಿಗೆ ಸರಿಯಾಗಿ ಎದುರು ನಿಂತಿತು.

ಅದೇ ಜೇಬು.

ಬೆಳಗಾಗೋದನ್ನೇ ಕಾದಿದ್ದು ಬೊಂಬೆ ಎತ್ತಿಕೊಂಡು ಅತ್ತಿಗೆ ಮನೆಗೆ ಹೋದ. ಬಾಗಿಲಲ್ಲೇ ಎಲ್ಲ ಹೇಳಿಬಿಟ್ಟ. ಚಕ್ರ ತೆಗೆದದ್ದು, ಸುಳ್ಳು ಹೇಳಿದ್ದು, ಜೇಬಿನಿಂದ ಖಾಲಿ ಕೈ ತೆಗೆದದ್ದು.

ಅತ್ತಿಗೆ ಸಿಟ್ಟಾಗಲಿಲ್ಲ. "ಅವರಿಗೆ ಗೊತ್ತಿತ್ತು," ಅಂದ್ರು.

"ಯಾವಾಗಿಂದ?"

"ನೀವು ರಿಪೇರಿ ಮಾಡಿಕೊಟ್ಟ ದಿನದಿಂದಾನೇ. ತೂಕ ಕಮ್ಮಿಯಾಗಿದೆ ಕಣೇ, ಏನೋ ತೆಗೆದಿಟ್ಕೊಂಡಿದ್ದಾನೆ ಅಂದ್ರು."

"ಕೇಳಬಹುದಿತ್ತಲ್ಲ ಅತ್ತಿಗೆ."

"ನಾನೂ ಅದನ್ನೇ ಅಂದೆ. ಕೇಳಿದ್ರೆ ಅವನು ಮತ್ತೆ ಈ ಮನೆ ಮೆಟ್ಟಿಲು ಹತ್ತಲ್ಲ, ಬೊಂಬೆಗಿಂತ ಅವನು ಬೇಕು ನನಗೆ ಅಂದ್ರು. ಕೊನೇ ಸಲ ನೀವು ಬಂದಾಗ..." ಅತ್ತಿಗೆ ಅವನ ಕೈಲಿದ್ದ ಬೊಂಬೆ ಕಡೆ ನೋಡಿದರು. "ನಿಮ್ಮ ಕೈ ಜೇಬಿಗೆ ಹೋದದ್ದನ್ನ ನೋಡಿದ್ರಂತೆ. ತಂದಿದ್ದಾನೆ ಕಣೇ, ತಂದಿದ್ದಾನೆ ಅಂತ ರಾತ್ರಿಯೆಲ್ಲ ಹೇಳ್ತಿದ್ರು."

ಒಂಟಿಗಣ್ಣ ಹೊಸ್ತಿಲಲ್ಲೇ ಕುಸಿದು ಕೂತ. ಅತ್ತ. ಅವನೇ ಆಮೇಲೆ ನನ್ನ ಹತ್ರ ಹೇಳಿದ್ದು, ಆ ಅಳುವಿನಲ್ಲೂ ಒಂದು ಎಳೆ ಹೊಟ್ಟೆಕಿಚ್ಚು ಇತ್ತಂತೆ. ಕ್ಷಮಿಸೋದರಲ್ಲೂ ಸವಾಲಣ್ಣನೇ ಮುಂದೆ ಹೋಗಿಬಿಟ್ಟನಲ್ಲ ಅಂತ.

ಅತ್ತಿಗೆ ಬೊಂಬೆ ಇಸಕೊಂಡು ಊಟದ ಮೇಜಿನ ಮೇಲಿಟ್ಟರು. ಅವರು ಯಾವತ್ತೂ ಅದಕ್ಕೆ ಕೀಲಿ ಕೊಟ್ಟವರಲ್ಲ. ಎರಡು ಸುತ್ತು ಕೊಟ್ಟರು. ಹಗಲು ಎಂಟು ಗಂಟೆ, ಕಿಟಕಿ ತೆರೆದಿದೆ, ಬೀದಿಯಲ್ಲಿ ಜನ ಓಡಾಡ್ತಿದ್ದಾರೆ. ಟಕ್... ಟಕ್... ಟಕ್... ಬೊಂಬೆ ಮೇಜಿನ ಉದ್ದಕ್ಕೂ ನಡೀತು.

"ಇಲ್ಲೇ ಇರಲಿ ಅತ್ತಿಗೆ," ಅಂದ ಒಂಟಿಗಣ್ಣ. ಅವನೇ ಎತ್ತಿ ಗಾಜಿನ ಬೀರುವಿನ ನಡುವಿನ ಹಲಗೆಯಲ್ಲಿ ನಿಲ್ಲಿಸಿದ. ಮನೆಗೆ ಬಂದು ಹೊಟ್ಟೆ ತುಂಬಾ ಊಟ ಮಾಡಿದ. ಆ ರಾತ್ರಿ ಅಂಗಡಿಯಲ್ಲಿ ಒಂದು ಸದ್ದೂ ಇಲ್ಲ. ಮುಗೀತು ಅಂದುಕೊಂಡ.

ಮಾರನೇ ದಿನ ಬೆಳಿಗ್ಗೆ ಯಾವುದೋ ವಾಚಿನ ಸ್ಕ್ರೂ ಹುಡುಕೋಕೆ ಡ್ರಾಯರ್ ಎಳೆದ. ಹಿಂದಿದ್ದ ಮುಲಾಮಿನ ಡಬ್ಬಿ ಉರುಳಿ ಮುಂದೆ ಬಂತು. ಒಳಗೆ ಟಿಣ್ ಅಂತು.

ಖಾಲಿ ಡಬ್ಬಿ ಟಿಣ್ ಅನ್ನಲ್ಲ.

ಮುಚ್ಚಳ ತೆಗೆದ. ಅಂಗಿ ಗುಂಡಿಯಷ್ಟು ಹಿತ್ತಾಳೆ ಚಕ್ರ. ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ನೋಡಿದ. ಒಂದು ಹಲ್ಲಿನ ಮೇಲೆ ಚಿಮಟ ಜಾರಿದ ಗೀರು.

ಬೊಂಬೆ ಈಗಲೂ ಅತ್ತಿಗೆ ಮನೇಲಿದೆ. ಭಾನುವಾರ ಮಕ್ಕಳು ಬಂದಾಗ ಎರಡು ಸುತ್ತು ಕೊಡ್ತಾರೆ, ನಡೆಯುತ್ತೆ. ಮಕ್ಕಳು ಕೊಟ್ರೂ ನಡೆಯುತ್ತೆ, ನೆಂಟರು ಕೊಟ್ರೂ ನಡೆಯುತ್ತೆ. ಒಂಟಿಗಣ್ಣ ಕೊಟ್ರೆ ಮಾತ್ರ ಕಿಡಿ ಬಂದು ನಿಂತುಬಿಡುತ್ತೆ. ಬೆನ್ನು ಬಿಚ್ಚಿ ನೋಡಿಬಿಡೋ, ಒಳಗೆ ಚಕ್ರ ಇದೆಯೋ ಇಲ್ಲವೋ ಗೊತ್ತಾಗಲಿ ಅಂತ ನಾನೇ ಹೇಳಿದೆ. ಕಿವಿ ಆಗಲೇ ಎರಡು ಸಲ ಬಿಚ್ಚಿ ಆಗಿದೆ, ಮೂರನೇ ಸಲ ತಡೆಯಲ್ಲ ಅಂದ.

ನೀವು ನಂಬದಿದ್ರೆ ಬಿಡಿ, ನನಗೇನು. ಆ ಡಬ್ಬಿಯನ್ನ ಈ ಕೈಯಲ್ಲೇ ಹಿಡಿದು ಅಲ್ಲಾಡಿಸಿದ್ದೀನಿ ನಾನು. ಟಿಣ್ ಅನ್ನುತ್ತೆ.